ಕೀಬೋರ್ಡ್ ಗ್ರೂಪ್ ಬೈಗೆ ದುಡ್ಡು ಕಟ್ಟುವ ಮುಂಚೆ ಇದನ್ನೊಂದು ಸಲ ಓದಿ

ಒಂದು ಕೀಬೋರ್ಡಿಗೆ 26,500 ರೂಪಾಯಿಯಾ ಅಂತ ನಗುವವರು ನಗಲಿ, ಈ ಬರಹ ಅವರಿಗಲ್ಲ. ರಾತ್ರಿಯೆಲ್ಲ ಕೂತು ಕೀಗಳ ಅಡಿಯ ಒಂದೊಂದು ಸ್ವಿಚ್ಚಿಗೂ ಲ್ಯೂಬ್ (ಜಾರುವ ಗ್ರೀಸು) ಹಚ್ಚುವವರಿಗೆ, ಸ್ಪೇಸ್ ಬಾರ್ ಚೂರು ಗಲಗಲ ಅಂದರೂ ಸಹಿಸದವರಿಗೆ, ಅದರಲ್ಲೂ ಕನ್ನಡ ಅಕ್ಷರ ಇರುವ ಒಂದು ಒಳ್ಳೆ ಮೆಕ್ಯಾನಿಕಲ್ ಕೀಬೋರ್ಡ್ (ಪ್ರತಿ ಕೀಗೂ ಬೇರೆ ಸ್ವಿಚ್ ಇರುವಂಥದ್ದು) ಸಿಗಲ್ವಲ್ಲ ಅಂತ ಕೊರಗುವವರಿಗೆ. ನಮ್ಮಂಥವರನ್ನೇ ಗುರಿಯಾಗಿಟ್ಟುಕೊಂಡು ಬೆಂಗಳೂರಿನ ಒಂದು ಪುಟ್ಟ ಸ್ಟಾರ್ಟಪ್ ಗ್ರೂಪ್ ಬೈ, ಅಂದರೆ ಎಲ್ಲರಿಂದ ಮೊದಲೇ ಹಣ ಕೂಡಿಸಿ ಆಮೇಲೆ ಮಾಲು ಮಾಡಿಸುವ ಖರೀದಿ, ಶುರು ಮಾಡಿತ್ತು. ದೂರು ಗ್ರಾಹಕರ ಆಯೋಗದ ಮುಂದಿದೆ, ಹಾಗಾಗಿ ಹೆಸರು ಬರೆಯುತ್ತಿಲ್ಲ.

ಅವರು ತೋರಿಸಿದ್ದು ನಿಜಕ್ಕೂ ಚೆನ್ನಾಗಿತ್ತು. ಅಲ್ಯೂಮಿನಿಯಂ ದಿಂಡಿನಿಂದ ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಡೆಸುವ ಯಂತ್ರದಲ್ಲಿ) ಕೊರೆದ ಬಾಡಿ, ತಳದಲ್ಲಿ ಹಿತ್ತಾಳೆಯ ತೂಕ, ಮೆತ್ತನೆ ಪಟ್ಟಿಯ ಮೇಲೆ ಕೂರಿಸುವ ಗ್ಯಾಸ್ಕೆಟ್ ಮೌಂಟ್, ಬೆಸುಗೆಯಿಲ್ಲದೆ ಸ್ವಿಚ್ ಬದಲಿಸಬಹುದಾದ ಹಾಟ್‌ಸ್ವಾಪ್ ಬೋರ್ಡ್. ಇವೆಲ್ಲ ಬೇರೆಯವರ ಹತ್ತಿರವೂ ಸಿಗುತ್ತವೆ. ನಾವು ಸೋತದ್ದು ಕೀಕ್ಯಾಪಿಗೆ, ಅಂದರೆ ಪ್ರತಿ ಕೀ ಮೇಲೆ ಕೂರುವ ಅಕ್ಷರದ ಟೋಪಿಗೆ. ಕ್ಯೂ ಮೇಲೆ ಟ, ಡಬ್ಲ್ಯೂ ಮೇಲೆ ಡ, ಎಫ್ ಮೇಲೆ ಒತ್ತಕ್ಷರ ಕೂಡಿಸುವ ಗುರುತು. ಅಂದರೆ ಕೆ.ಪಿ. ರಾವ್ ಅವರ ಕನ್ನಡ ಕೀಲಿ ವಿನ್ಯಾಸ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದವರಿಗೆಲ್ಲ ಬೆರಳಿಗೇ ಗೊತ್ತಿರುವಂಥದ್ದು. ಇದನ್ನು ಮಾಡಿದವರು ದಿನವೂ ಕನ್ನಡ ಟೈಪ್ ಮಾಡುವವರೇ ಅಂತ ಚಿತ್ರ ನೋಡಿದ ಕೂಡಲೇ ಅನ್ನಿಸುತ್ತಿತ್ತು. ಆದರೆ ಅದು ಕಂಪ್ಯೂಟರಿನಲ್ಲಿ ಮಾಡಿದ ರೆಂಡರ್. ಆ ಹೊತ್ತಿಗೆ ನಿಜವಾದ ಕೀಕ್ಯಾಪ್ ಒಂದೂ ತಯಾರಾಗಿರಲಿಲ್ಲ.

ಗ್ರೂಪ್ ಬೈ ನಡೆಯುವುದು ಹೀಗೆ. ಮೊದಲು ರೆಂಡರ್ ತೋರಿಸಿ ಎಷ್ಟು ಜನಕ್ಕೆ ಬೇಕು ಅಂತ ಕೇಳುತ್ತಾರೆ. ಆಮೇಲೆ ಒಂದು ತಿಂಗಳ ಮಟ್ಟಿಗೆ ಆರ್ಡರ್ ತೆರೆದು ಪೂರ್ತಿ ಹಣ ಕಟ್ಟಿಸಿಕೊಳ್ಳುತ್ತಾರೆ. ಆ ಹಣವೇ ಚೀನಾದ ಶೆನ್‌ಝೆನ್ನಿನ ಫ್ಯಾಕ್ಟರಿಗೆ ಮುಂಗಡವಾಗಿ ಹೋಗುತ್ತದೆ, ಬಾಕಿಯನ್ನು ಮಾಲು ಹೊರಡುವ ಮೊದಲು ಚುಕ್ತಾ ಮಾಡಬೇಕು. ಕಂಪನಿಯ ಸ್ವಂತ ಬಂಡವಾಳ ಅಂತ ಇದರಲ್ಲಿ ಬಹುತೇಕ ಏನೂ ಇರುವುದಿಲ್ಲ. ಬ್ಯಾಂಕಾದರೆ ಬಡ್ಡಿ ಕೇಳುತ್ತದೆ, ಹೂಡಿಕೆದಾರ ಪಾಲು ಕೇಳುತ್ತಾನೆ. ನಾವು ಕೇಳುವುದು ಪಾರ್ಸೆಲ್ ಎಲ್ಲಿಗೆ ಬಂತು ಅಂತ ಮಾತ್ರ.

ಇವರು ಕೆಟ್ಟದ್ದು ಎಲ್ಲಿ ಅಂದರೆ, ಮೊದಲನೆಯದು ಬಣ್ಣ. ಬಾಡಿಗೆ ಐದು ಬಣ್ಣ ಇಟ್ಟರು. ಫ್ಯಾಕ್ಟರಿಯವರು ಪ್ರತಿ ಬಣ್ಣಕ್ಕೂ ಇಷ್ಟು ಪೀಸು ಅಂತ ಕನಿಷ್ಠ ಆರ್ಡರ್ ಕೇಳುತ್ತಾರೆ. ಎರಡು ಬಣ್ಣಕ್ಕೆ ಬೆರಳೆಣಿಕೆಯ ಗಿರಾಕಿಗಳು ಬಂದಿದ್ದರು, ಮಿಕ್ಕ ಪೀಸುಗಳನ್ನು ಇವರೇ ಕೊಳ್ಳಬೇಕಾಯಿತು. ಯಾರ ದುಡ್ಡಲ್ಲಿ ಅಂತ ಕೇಳಬೇಕಿಲ್ಲ. ಅಷ್ಟಕ್ಕೆ ನಿಲ್ಲಿಸಿದ್ದರೂ ಬಚಾವಾಗುತ್ತಿದ್ದರೇನೋ. ಆರ್ಡರ್ ಮುಗಿದ ಮೇಲೆ, ಯಾರೂ ಕೇಳದಿದ್ದರೂ, ಬ್ಲೂಟೂತ್ ಸೇರಿಸುತ್ತೇವೆ ಅಂತ ಮೇಲ್ ಹಾಕಿದರು. ಬ್ಲೂಟೂತ್ ಅಂದರೆ ಬ್ಯಾಟರಿ, ಬ್ಯಾಟರಿ ಅಂದರೆ ತಳದ ತಟ್ಟೆಯಲ್ಲಿ ಜಾಗ. ಆಗಲೇ ಕೊರೆದಿದ್ದ ತಳಗಳು ಗುಜರಿಗೆ ಹೋದವು. ಮೇಲಾಗಿ ವೈರ್‌ಲೆಸ್ ಕೀಬೋರ್ಡ್ ಇಲ್ಲಿ ಮಾರಬೇಕಾದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ಅದು ಹೊಸ ನಿಯಮವೇನಲ್ಲ, 2012ರ ಆದೇಶದಲ್ಲೇ ಇತ್ತು. ಟೆಸ್ಟಿಂಗಿನ ಖರ್ಚು, ಕಾಯುವ ಸಮಯ ಎರಡೂ ಇವರ ಲೆಕ್ಕದಲ್ಲಿ ಇರಲಿಲ್ಲ. ಕೊನೆಗೆ ಬ್ಲೂಟೂತನ್ನೇ ಕೈಬಿಟ್ಟರು. ಅದಕ್ಕೆ ಹೋದ ದುಡ್ಡು ಮಾತ್ರ ಹೋದದ್ದೇ.

ನಾಲ್ಕು ತಿಂಗಳು ಅಂದಿದ್ದು ಒಂದೂವರೆ ವರ್ಷ ದಾಟಿತು. ಚೀನಾದ ಹೊಸ ವರ್ಷಕ್ಕೆ ಫ್ಯಾಕ್ಟರಿ ಮುಚ್ಚಿದೆ ಅನ್ನುವ ಮೇಲು ಎರಡು ವರ್ಷವೂ ಬಂತು. ನಮ್ಮ ಕಾಟ ತಡೆಯಲಾರದೆ ಒಂದು ದಿನ ಫೋನ್ ಎತ್ತಿದ ಹುಡುಗ ಪಾಪ ಬಾಯಿಬಿಟ್ಟ: ‘ಸರ್, ಮುಂದಿನ ಗ್ರೂಪ್ ಬೈ ಕ್ಲೋಸ್ ಆಗ್ತಿದ್ದ ಹಾಗೇ ನಿಮ್ ಕೀಕ್ಯಾಪ್ ದುಡ್ಡು ಕ್ಲಿಯರ್ ಮಾಡ್ತೀವಿ.’ ಹಳೆ ಗಿರಾಕಿಯ ಮಾಲಿಗೆ ಹೊಸ ಗಿರಾಕಿಯ ಮುಂಗಡ. ಇವರು ಮೊದಲ ದಿನದಿಂದಲೇ ಮೋಸ ಮಾಡಲು ಕೂತವರು ಅಂತ ನಾನು ಈಗಲೂ ಅನ್ನುವುದಿಲ್ಲ. ಶುದ್ಧ ಕಳ್ಳರಾಗಿದ್ದರೆ ನಾವು ಇಷ್ಟು ದಿನ ಕಾಯುತ್ತಲೂ ಇರಲಿಲ್ಲ.

ಕಡೆಗೊಮ್ಮೆ ಬಾಡಿ ಬಂತು. ಮುಂದಿನ ಅಂಚಿನಲ್ಲಿ ಆನೊಡೈಸಿಂಗ್ (ಅಲ್ಯೂಮಿನಿಯಂಗೆ ಬಣ್ಣ ಹಿಡಿಸುವ ಪದರ) ಮಾಸಿ ಬೂದಿ ಬಣ್ಣದ ಪಟ್ಟಿ. ಅಲೆನ್ ಕೀ ಹಾಕಿ ತಿರುಗಿಸಿದರೆ ಎಡಮೂಲೆಯ ಸ್ಕ್ರೂ ನಿಲ್ಲದೆ ಸುತ್ತುತ್ತಿತ್ತು, ಹೊರಗೆ ತೆಗೆದಾಗ ಅದರ ಹಲ್ಲಿಗೆ ಅಲ್ಯೂಮಿನಿಯಂ ಸುರುಳಿ ಸಿಕ್ಕಿಕೊಂಡಿತ್ತು. ಬೋರ್ಡಿನ ಹಿಂದೆ ಬೆರಳು ಒತ್ತಿ ಹಿಡಿದೇ ಸ್ವಿಚ್ ಕೂರಿಸಿದೆ. ಆದರೂ ಎಂಟರ್ ಕೀ ಸಾಕೆಟ್ ತಾಮ್ರದ ಪ್ಯಾಡ್ ಸಮೇತ ಕಿತ್ತು ಬಂತು. ಪ್ಯಾಡೇ ಬೋರ್ಡಿಗೆ ಗಟ್ಟಿಯಾಗಿ ಹಿಡಿದಿರಲಿಲ್ಲ. ಕೀಕ್ಯಾಪ್ ಸೆಟ್ ಇವತ್ತಿಗೂ ಬಂದಿಲ್ಲ. ಸಮಾಧಾನಕ್ಕೆ ಅಂತ ಕಳಿಸಿದ ನಾಲ್ಕು ಸ್ಯಾಂಪಲ್ಲುಗಳಲ್ಲಿ ಎಕ್ಸ್ ಮೇಲಿನ ಷ ಒಳಗಿನ ಗೆರೆ ಶಾಯಿ ಹರಡಿ ಮುಚ್ಚಿಹೋಗಿದೆ, ದೂರದಿಂದ ನೋಡಿದರೆ ಪ. ಪ್ಲಾಸ್ಟಿಕ್ಕಿಗೆ ಶಾಯಿ ಇಳಿಸುವ ಡೈಸಬ್ ವಿಧಾನದಲ್ಲಿ ಇಷ್ಟು ಸಣ್ಣ ಗೆರೆ ನಿಲ್ಲುತ್ತದೋ ಇಲ್ಲವೋ ಅಂತ ಒಂದು ಪ್ರಿಂಟ್ ತೆಗೆದು ನೋಡಿದ್ದರೆ ತಿಳಿಯುತ್ತಿತ್ತು.

ಹಾಗಾಗಿ ರೆಂಡರ್ ನೋಡಿ ಹಣ ಕಟ್ಟಬೇಡಿ. ಮಾಲು ತಯಾರಿಸುವ ಅದೇ ಫ್ಯಾಕ್ಟರಿಯಿಂದ ಬಂದ ಪ್ರೊಟೊಟೈಪನ್ನು ಬಿಚ್ಚಿ ಜೋಡಿಸುವ ವಿಡಿಯೊ ಕೇಳಿ, ಕೀಕ್ಯಾಪಿನ ಹತ್ತಿರದ ಫೋಟೊ ಕೇಳಿ. ಬೋರ್ಡಿನ ಫರ್ಮ್‌ವೇರ್ (ಒಳಗೆ ಓಡುವ ತಂತ್ರಾಂಶ) ಸೋರ್ಸ್ ಕೋಡ್ ಎಲ್ಲಿದೆ ಅಂತ ಕೇಳಿ. ಕ್ಯೂಎಂಕೆ ಅನ್ನುವ ಮುಕ್ತ ಫರ್ಮ್‌ವೇರ್ ಬಳಸಿ ಮಾಲು ಮಾರಿದ ಮೇಲೆ ಕೊಂಡವರಿಗೆ ಸೋರ್ಸ್ ಕೊಡಬೇಕು ಅನ್ನುವುದು ಅದರ ಲೈಸೆನ್ಸಿನಲ್ಲೇ ಇದೆ. ‘ನಮ್ಮದೇ ಸ್ವಿಚ್’ ಅನ್ನುವ ಜಂಬಕ್ಕೆ ಮರುಳಾಗಬೇಡಿ. ಸ್ವಿಚ್ ಕಂಪನಿ ಚೆರ್ರಿಯ ಪೇಟೆಂಟ್ ಮುಗಿದ ಮೇಲೆ ಗ್ಯಾಟೆರಾನ್, ಕೈಲ್ ಮುಂತಾದ ಕಂಪನಿಯವರು ಯಾರ ಹೆಸರಿಗೆ ಬೇಕಾದರೂ ಸ್ವಿಚ್ ಮಾಡಿಕೊಡುತ್ತಾರೆ. ಕಷ್ಟವಿರುವುದು ಬಾಡಿ, ಬೋರ್ಡು ಮತ್ತು ಲೆಕ್ಕಪತ್ರದಲ್ಲಿ.

ಕಟ್ಟಲೇಬೇಕು ಅಂತಿದ್ದರೆ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ, ಯುಪಿಐ ಬೇಡ. ಮಾಲು ಬರದಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ತಕರಾರು ಹಾಕಬಹುದು, ಆದರೆ ಅದಕ್ಕೂ ಗಡುವಿದೆ. ಸಾಮಾನ್ಯವಾಗಿ ಮಾಲು ಬರಬೇಕಿದ್ದ ದಿನದಿಂದ 120 ದಿನ. ‘ಇನ್ನೊಂದೇ ತಿಂಗಳು ಸರ್’ ಅನ್ನುವ ಮಾತಿಗೆ ಸುಮ್ಮನಾದ ಎಷ್ಟೋ ಜನರ ಗಡುವು ಹಾಗೇ ಮುಗಿದುಹೋಯಿತು. ಅಂಥವರಿಗೂ ಗ್ರಾಹಕರ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವಿರುವ ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು, ಐದು ಲಕ್ಷದವರೆಗೆ ಶುಲ್ಕವಿಲ್ಲ. ಇನ್‌ವಾಯ್ಸ್, ಮೇಲ್, ವಾಟ್ಸಾಪ್ ಎಲ್ಲ ಅಳಿಸದೆ ಇಟ್ಟುಕೊಳ್ಳಿ.

ಇದನ್ನು ಈಗ ಬರೆಯಲು ಕಾರಣ, ಅದೇ ಜನ ಬೇರೆ ಹೆಸರಿನಲ್ಲಿ ಹೊಸ ನಂಬರ್‌ಪ್ಯಾಡಿಗೆ ಫಾರ್ಮ್ ತುಂಬಿಸಿಕೊಳ್ಳುತ್ತಿದ್ದಾರೆ. ಪುಟದ ಕೊನೆಯಲ್ಲಿರುವ ಜಿಎಸ್‌ಟಿ ನಂಬರನ್ನು ಪೋರ್ಟಲ್‌ಗೆ ಹಾಕಿ ನೋಡಿದೆ. ನನ್ನ ಹಳೆ ಇನ್‌ವಾಯ್ಸಿನಲ್ಲಿರುವ ನಂಬರೇ. ನೀವೂ ಹಾಕಿ ನೋಡಿ, ನೋಂದಣಿಯ ತಾರೀಖು ಮತ್ತು ಅಸಲಿ ಹೆಸರು ಎರಡೂ ಬರುತ್ತವೆ.