ಕೊಂಬಿಲ್ಲದ ಕಳ್ಳನ ಹಿಂದೆ: ಮಳೆ ರಜೆಯಲ್ಲಿ ಏಳು ಮಕ್ಕಳು ಬಿಡಿಸಿದ ಡೈನೋಸಾರ್ ಲೆಕ್ಕ

ಜುಲೈ ತಿಂಗಳ ಒಂದು ಬುಧವಾರ. ಮಳೆಗೆ ಶಾಲೆ ರಜೆ ಎಂಬ ಡಿಸಿಯವರ ಆದೇಶ ಹಿಂದಿನ ರಾತ್ರಿಯೇ ವಾಟ್ಸಾಪಿನಲ್ಲಿ ಬಂದಿತ್ತು. ಸಂಜೆ ನನ್ನ ಬಳಿ ಟ್ಯೂಷನ್‌ಗೆ ಬರುವ ಏಳು ಮಕ್ಕಳು ಬೆಳಿಗ್ಗೆ ಹತ್ತು ಗಂಟೆಗೇ ಕೊಡೆ ಹಿಡಿದುಕೊಂಡು ಮಲ್ಪೆಯ ನಮ್ಮ ಮನೆಯ ಜಗಲಿಗೆ ಬಂದು ಕೂತರು. ಎಲ್ಲರೂ ಅಕ್ಕಪಕ್ಕದ ಮನೆಯವರೇ. ನಾಲ್ಕನೇ ಕ್ಲಾಸಿನವರು ಐದು ಮಂದಿ, ಐದನೆಯವರು ಇಬ್ಬರು. ಅವರಿಗಾಗಿಯೇ ಹದಿನೈದು ದಿನ ಮೊದಲು ಆನ್‌ಲೈನಿನಲ್ಲಿ ಕೊಂಡಿದ್ದ ಡೈನೋಸಾರ್ ಗಣಿತ ಪತ್ತೇದಾರಿಯನ್ನು ಅವತ್ತೇ ಮಕ್ಕಳ ಮುಂದೆ ಬಿಚ್ಚಿದೆ. ಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಅಪ್ಪ ಅಮ್ಮಂದಿರಿಗೆ, ನನ್ನ ಹಾಗೆ ಮನೆಯಲ್ಲಿ ಪಾಠ ಹೇಳುವವರಿಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇದು ಏನೆಂದು ಹೇಳುತ್ತೇನೆ. ಡಬ್ಬಿಯಲ್ಲಿ ಬರುವ ಆಟ ಅಲ್ಲ. 350 ರೂಪಾಯಿ ಕಟ್ಟಿದರೆ 22 ಪುಟದ ಪಿಡಿಎಫ್ ಸಿಗುತ್ತದೆ, ಪ್ರಿಂಟ್ ನಾವೇ ತೆಗೆಸಬೇಕು. ಕಥೆ ಸಣ್ಣದು. ಮ್ಯೂಸಿಯಂ ಉದ್ಘಾಟನೆಯ ಹಿಂದಿನ ರಾತ್ರಿ ಅಲ್ಲಿದ್ದ ಒಂದು ಮೊಟ್ಟೆ ಕಾಣೆಯಾಗಿದೆ. ಸಂಶಯ ಇರುವುದು 24 ಡೈನೋಸಾರ್‌ಗಳ ಮೇಲೆ. ಯಾವುದಕ್ಕೆ ಎಷ್ಟು ಕಾಲು, ಕೊಂಬು ಉಂಟಾ ಇಲ್ವಾ, ಏನು ತಿನ್ನುತ್ತದೆ, ಎಷ್ಟು ಎತ್ತರ ಎಂದು ಒಂದು ಪಟ್ಟಿ ಇರುತ್ತದೆ. ಸುಳಿವುಗಳು ಐದು. ಒಂದೊಂದು ಸುಳಿವಿನಲ್ಲೂ ಏಳೆಂಟು ಲೆಕ್ಕ. ಪ್ರತಿ ಉತ್ತರಕ್ಕೆ ಒಂದು ಅಕ್ಷರ. ಅಕ್ಷರಗಳನ್ನು ಸಾಲಾಗಿ ಬರೆದರೆ ಒಂದು ವಾಕ್ಯ. ಆ ವಾಕ್ಯ ನೋಡಿ ಪಟ್ಟಿಯಲ್ಲಿ ಹೆಸರು ಹೊಡೆದು ಹಾಕುತ್ತಾ ಹೋಗಬೇಕು. ಕೊನೆಗೆ ಉಳಿಯುವವನೇ ಕಳ್ಳ. ಅವನು ಯಾರೆಂದು ನಾನು ಹೇಳುವುದಿಲ್ಲ, ನಿಮ್ಮ ಮಕ್ಕಳ ಸಂತೋಷ ಕೆಡಿಸಲು ಮನಸ್ಸಿಲ್ಲ.

ಆದರೆ ತೊಂದರೆ ಇದ್ದದ್ದು ಮೊದಲ ಪುಟದಲ್ಲೇ. ಪೂರ್ತಿ ಇಂಗ್ಲಿಷ್. ನನ್ನ ಏಳು ಮಕ್ಕಳಲ್ಲಿ ಐದು ಮಂದಿ ಕನ್ನಡ ಮಾಧ್ಯಮದವರು. ಭಾಗಾಕಾರ ಬರುವ ಹುಡುಗ ವಾಕ್ಯ ಓದಲಾಗದೆ ಹಿಂದೆ ಉಳಿದರೆ ಅದು ಲೆಕ್ಕದ ಆಟ ಹೇಗಾಗುತ್ತದೆ? ಅಳತೆಯೂ ಹಾಗೆಯೇ, ಇಂಚು, ಪೌಂಡು, ಮೈಲು. ಹಾಗಾಗಿ ಎರಡು ರಾತ್ರಿ ಕೂತು ಸುಳಿವುಗಳನ್ನೆಲ್ಲ ಕನ್ನಡದಲ್ಲಿ ಹೊಸದಾಗಿ ಬರೆದೆ. ಅಳತೆಗಳನ್ನು ಸೆಂಟಿಮೀಟರ್, ಕಿಲೋ ಮಾಡಿದೆ. ಅದಕ್ಕೆ ಹೊಂದುವಂತೆ ಲೆಕ್ಕಗಳನ್ನೂ ತಿದ್ದಿದೆ. ಕೊಳ್ಳುವವರು ಈ ಎರಡು ರಾತ್ರಿಗಳನ್ನೂ ಬೆಲೆಗೆ ಸೇರಿಸಿಕೊಳ್ಳಬೇಕು.

ಹಾಗೆ ಬರೆದದ್ದರಿಂದ ಒಂದು ಲಾಭವೂ ಆಯಿತು. ಎರಡನೇ ಸುಳಿವು ಭಿನ್ನರಾಶಿಯದ್ದು. ಏಳು ಲೆಕ್ಕ, ಏಳು ಅಕ್ಷರ. ಸರಿಯಾಗಿ ಬಿಡಿಸಿದರೆ 'ಕಳ್ಳನಿಗೆ ಕೊಂಬಿಲ್ಲ' ಎಂದು ಬರುತ್ತದೆ. ಆರನೇ ಲೆಕ್ಕ 48ರ ಮುಕ್ಕಾಲು ಎಷ್ಟು ಎಂದು. ಉತ್ತರ 36, ಅದಕ್ಕೆ 'ಬಿ'. ಒಬ್ಬ ಹುಡುಗ 12 ಎಂದು ಬರೆದ. 12ಕ್ಕೆ ನಾನು 'ಬಾ' ಇಟ್ಟಿದ್ದೆ. ಅವನು ಗಟ್ಟಿಯಾಗಿ ಓದಿದ, 'ಕಳ್ಳನಿಗೆ ಕೊಂಬಾಲ್ಲ'. ಎಲ್ಲರೂ ಅವನ ಮುಖ ನೋಡಿದರು.

"ಕೊಂಬಾಲ್ಲ ಅಂದ್ರೆ ಎಂತ?"

ನಾನು ಬಾಯಿ ಬಿಡಲಿಲ್ಲ. ಪಕ್ಕದಲ್ಲಿದ್ದ ಹುಡುಗಿ ಅವನ ಹಾಳೆ ಎಳೆದುಕೊಂಡು ನೋಡಿದಳು. "ಮುಕ್ಕಾಲು ಅಂದ್ರೆ ಮೂರು ಕಾಲು ಅಲ್ವಾ? ನೀನು ಒಂದೇ ಕಾಲು ತೆಗೆದದ್ದು" ಎಂದಳು. ಅವನು ಹನ್ನೆರಡನ್ನು ಮೂರು ಸಲ ಕೂಡಿಸಿ 36 ಬರೆದ.

ಈ ಹುಡುಗನ ಇದೇ ತಪ್ಪಿಗೆ ನಾನು ಜೂನ್ ತಿಂಗಳಿಡೀ ಕೆಂಪು ಶಾಯಿಯ ಗೆರೆ ಹಾಕಿದ್ದೇನೆ. ಪ್ರತಿ ಸಲ ಗೆರೆ ನೋಡುತ್ತಿದ್ದ, ಪುಟ ಮಗುಚುತ್ತಿದ್ದ. ಅವತ್ತು ತಪ್ಪು ತೋರಿಸಿದ್ದು ನಾನಲ್ಲ, ವಾಕ್ಯವೇ. ವಾಕ್ಯ ಸರಿ ಬರಬೇಕಾದರೆ ಲೆಕ್ಕ ಸರಿ ಇರಬೇಕು ಎಂದು ಅವನಿಗೆ ಗೊತ್ತಾಯಿತು. ಮುಂದಿನ ಸುಳಿವಿನಲ್ಲಿ ಯಾರೂ ಹೇಳದೆ ಪ್ರತಿ ಲೆಕ್ಕವನ್ನೂ ಎರಡೆರಡು ಸಲ ಮಾಡಿದ. ನನಗೆ ಈ ಆಟ ಇಷ್ಟವಾಗಲು ಇದೊಂದೇ ಕಾರಣ ಸಾಕು. ಇಂಗ್ಲಿಷ್ ಪ್ರತಿಯಲ್ಲೂ ಇದೇ ಏರ್ಪಾಡು ಉಂಟು. ಆದರೆ 'ಮುಕ್ಕಾಲು' ಎಂಬ ಪದದೊಳಗೇ ಮೂರೂ ಕಾಲೂ ಕೂತಿರುವುದು ಮಕ್ಕಳ ಕಣ್ಣಿಗೆ ಬಿದ್ದದ್ದು ಕನ್ನಡದಲ್ಲಿ ಬರೆದದ್ದರಿಂದ.

ಪಟ್ಟಿಯಲ್ಲಿದ್ದ 24 ಹೆಸರುಗಳಲ್ಲಿ ನಮ್ಮ ದೇಶದ್ದು ಒಂದೂ ಇರಲಿಲ್ಲ. ನಾನು ಎರಡನ್ನು ತೆಗೆದು ರಾಜಾಸಾರಸ್ ಮತ್ತು ಬಾರಾಪಾಸಾರಸ್ ಸೇರಿಸಿದೆ. ರಾಜಾಸಾರಸ್ ಮೂಳೆಗಳು ಸಿಕ್ಕಿದ್ದು ಗುಜರಾತಿನ ರಹಿಯೋಲಿಯಲ್ಲಿ, ಹೆಸರಿಟ್ಟಿದ್ದು 2003ರಲ್ಲಿ. ಎರಡು ಕಾಲಿನ ಮಾಂಸಾಹಾರಿ, ನೆತ್ತಿಯ ಮೇಲೆ ಒಂದು ಗಿಡ್ಡ ಕೊಂಬು. ಹಾಗಾಗಿ 'ಎರಡು ಕಾಲು' ಎಂಬ ಮೊದಲ ಸುಳಿವಿನಲ್ಲಿ ಅದು ಉಳಿಯಿತು, 'ಕೊಂಬಿಲ್ಲ' ಎಂದಾಗ ಬಿಡುಗಡೆಯಾಯಿತು. "ನಮ್ಮದು ಕಳ್ಳ ಅಲ್ಲ ಟೀಚರ್" ಎಂದು ಚಪ್ಪಾಳೆಯೇ ಆಯಿತು. ಬಾರಾಪಾಸಾರಸ್ ಹೆಸರಿನಲ್ಲಿರುವುದು ಬಂಗಾಳಿ ಮಾತು, ದೊಡ್ಡ ಕಾಲು ಎಂದು ಅರ್ಥ. ತೊಡೆಯ ಮೂಳೆಯೇ ಸುಮಾರು 1.7 ಮೀಟರ್. ನಮ್ಮ ಅಡುಗೆಮನೆಯ ಬಾಗಿಲಿಗೆ ಸ್ವಲ್ಪ ಕಮ್ಮಿ ಅಷ್ಟೇ. ಅದರ ಅಸ್ಥಿಪಂಜರ ನಿಲ್ಲಿಸಿರುವುದು ಕೋಲ್ಕತ್ತಾದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ. ಅಂಕಿಸಂಖ್ಯೆಯ ಸಂಸ್ಥೆಯೊಳಗೆ ಡೈನೋಸಾರ್! ಲೆಕ್ಕ ಬೇಡ, ಡೈನೋಸಾರ್ ಮಾತ್ರ ಬೇಕು ಎನ್ನುವ ಮಕ್ಕಳಿಗೆ ನಾನು ಇದನ್ನು ಬೇಕೆಂದೇ ಹೇಳುತ್ತೇನೆ.

ಮೂರನೇ ಸುಳಿವು ಹೆಜ್ಜೆಗುರುತಿನದ್ದು, ಇಡೀ ಆಟದಲ್ಲಿ ಅತಿ ಚೆನ್ನಾಗಿರುವುದು ಅದೇ. ಕಳ್ಳನ ಹೆಜ್ಜೆಗುರುತಿನ ಉದ್ದ 45 ಸೆಂಟಿಮೀಟರ್. ಅದರ ನಾಲ್ಕು ಪಟ್ಟು ಸೊಂಟದ ಎತ್ತರ. ಎಂದರೆ 180. ಇದು ಸುಮ್ನೆ ಆಟಕ್ಕೆ ಹುಟ್ಟಿಸಿದ ಲೆಕ್ಕ ಅಲ್ಲ. ಬ್ರಿಟನ್ನಿನ ಪ್ರಾಣಿವಿಜ್ಞಾನಿ ಮ್ಯಾಕ್‌ನೀಲ್ ಅಲೆಗ್ಸಾಂಡರ್ 1976ರಲ್ಲಿ ಹೆಜ್ಜೆಗುರುತು ನೋಡಿ ಡೈನೋಸಾರ್ ಎಷ್ಟು ವೇಗದಲ್ಲಿ ನಡೆದಿತ್ತು ಎಂದು ಅಂದಾಜು ಮಾಡುವ ದಾರಿ ತೋರಿಸಿದರು. ಅದರಲ್ಲಿ ಈ ನಾಲ್ಕು ಪಟ್ಟಿನ ಲೆಕ್ಕ ಬರುತ್ತದೆ. ಪಿಡಿಎಫ್‌ನಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ, ಇರಬೇಕಿತ್ತು.

ಮಕ್ಕಳಿಗೆ ಅದು ನಿಜವಾ ಎಂದು ನೋಡಬೇಕೆನಿಸಿತು. ಅಂಗಳಕ್ಕೆ ಇಳಿದು ಕಾಲು ಒದ್ದೆ ಮಾಡಿಕೊಂಡು ಬಂದು ಜಗಲಿಯ ಕೆಂಪು ಸಿಮೆಂಟಿನ ಮೇಲೆ ನಿಂತರು. ಒದ್ದೆ ಹೆಜ್ಜೆ ಆರುವ ಮೊದಲು ಸ್ಕೇಲ್ ಇಟ್ಟು ಅಳೆದರು. ಒಬ್ಬಳದ್ದು 20 ಸೆಂಟಿಮೀಟರ್. ನಾಲ್ಕು ಪಟ್ಟು 80. ಟೇಪ್ ಹಿಡಿದು ಸೊಂಟದ ತನಕ ಅಳೆದರೆ 68 ಬಂತು. ಮತ್ತೊಬ್ಬನದ್ದೂ ಸರಿ ಬರಲಿಲ್ಲ. ಡೈನೋಸಾರ್ ಬೆರಳ ಮೇಲೆ ನಡೆಯುತ್ತಿತ್ತು, ನಾವು ಹಿಮ್ಮಡಿ ಊರಿ ನಡೆಯುತ್ತೇವೆ, ಹಾಗಾಗಿ ಅದರ ಲೆಕ್ಕ ನಮಗೆ ಹಾಗೇ ಹೊಂದುವುದಿಲ್ಲ ಎಂದೆ. ಏಳೂ ಮಂದಿ ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಂತು ನೋಡಿದರು. ಪಾಠಪುಸ್ತಕದ ಗುಣಾಕಾರಕ್ಕೆ ಯಾವ ಮಗುವೂ ಎದ್ದು ನಿಂತದ್ದನ್ನು ನಾನು ಕಂಡಿಲ್ಲ.

ಒಬ್ಬ ಹುಡುಗನ ಅಪ್ಪ ಬೋಟಿಗೆ ಹೋಗುವವರು. ಜೂನ್, ಜುಲೈ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಹಾಗಾಗಿ ಮನೆಯಲ್ಲೇ ಇದ್ದರು. ಮಗನನ್ನು ಊಟಕ್ಕೆ ಕರೆಯಲು ಬಂದವರು ಹಲಸಿನ ಹಪ್ಪಳ ತಿನ್ನುತ್ತಾ ಅಲ್ಲೇ ಕೂತುಬಿಟ್ಟರು. ಟಿ. ರೆಕ್ಸ್ ಉದ್ದ ಸುಮಾರು 12 ಮೀಟರ್ ಎಂದು ಮಕ್ಕಳು ಓದಿದಾಗ, "ಮಾರಿನಲ್ಲಿ ಎಷ್ಟಾಗ್ತದೆ ಟೀಚರ್?" ಎಂದು ಕೇಳಿದರು. ಅವರ ಎರಡು ಕೈ ಅಗಲಿಸಿ ಅಳೆದರೆ 180 ಸೆಂಟಿಮೀಟರ್. 1200 ಅನ್ನು 180ರಿಂದ ಭಾಗಿಸಿದರು ಮಕ್ಕಳು. ಆರೂವರೆ ಮಾರಿಗಿಂತ ಸ್ವಲ್ಪ ಜಾಸ್ತಿ. ಮಳೆ ಬಿಟ್ಟ ಹೊತ್ತು ನೋಡಿ ಅವರು ಹಗ್ಗವನ್ನು ಮಾರು ಹಾಕಿ ಅಳೆದು, ನಮ್ಮ ಮೆಟ್ಟಿಲಿನಿಂದ ಬಾವಿಯ ತನಕ ಎಳೆದರು. ಹಗ್ಗ ಬಾವಿಕಟ್ಟೆ ದಾಟಿ ಮುಂದೆ ಹೋಯಿತು.

ಈಗ ನನಗೆ ಬೇಸರ ತಂದ ಎರಡು ವಿಷಯ. ಒಂದು, ನಾಲ್ಕನೇ ಸುಳಿವಿನ ಉತ್ತರ ಪಟ್ಟಿಯಲ್ಲಿ ತಪ್ಪು ಉಂಟು. ರಾತ್ರಿ 9:50ಕ್ಕೆ ಹೊರಟ ಕಾವಲುಗಾರ 85 ನಿಮಿಷ ಬಿಟ್ಟು ಬಂದರೆ ಆಗ ಗಂಟೆ ಎಷ್ಟು? 11:15. ಪಟ್ಟಿಯಲ್ಲಿ 11:05 ಎಂದಿದೆ. ಐದನೇ ಕ್ಲಾಸಿನ ಹುಡುಗ ಬೆರಳು ಮಡಚಿ ಮೂರು ಸಲ ಎಣಿಸಿ, "ಟೀಚರ್, ಅಚ್ಚಾದದ್ದೇ ತಪ್ಪು" ಎಂದ. ಅವನು ಹೇಳಿದ್ದು ಸರಿ. ಮಾರಿದವರಿಗೆ ಮೇಲ್ ಹಾಕಿದ್ದೇನೆ, ಉತ್ತರ ಬಂದಿಲ್ಲ. ದುಡ್ಡು ಕೊಟ್ಟು ಕೊಳ್ಳುವ ಲೆಕ್ಕದ ಹಾಳೆಯಲ್ಲಿ ಇಂಥ ತಪ್ಪು ಇರಬಾರದು. ನೀವು ಕೊಂಡರೆ ಮಕ್ಕಳ ಕೈಗೆ ಕೊಡುವ ಮೊದಲು ಎಲ್ಲ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಿ.

ಎರಡು, ಕಥೆಯಲ್ಲಿ ಸ್ಟೆಗೋಸಾರಸ್ ಮತ್ತು ಟಿ. ರೆಕ್ಸ್ ಒಂದೇ ಶಾಲೆಯ ಗೆಳೆಯರು. ಕಥೆ ಅಲ್ವಾ ಎನ್ನಬಹುದು, ಆದರೆ ಮಕ್ಕಳು ಇದನ್ನು ನಿಜವೆಂದೇ ನೆನಪಿಡುತ್ತಾರೆ. ಸ್ಟೆಗೋಸಾರಸ್ ಇದ್ದದ್ದು ಸುಮಾರು 15 ಕೋಟಿ ವರ್ಷದ ಹಿಂದೆ. ಟಿ. ರೆಕ್ಸ್ ಬಂದದ್ದು ಸುಮಾರು 6.8 ಕೋಟಿ ವರ್ಷದ ಹಿಂದೆ, ಮುಗಿದದ್ದು 6.6 ಕೋಟಿಗೆ. ನಾನು ಇದನ್ನೇ ಆರನೇ ಸುಳಿವು ಮಾಡಿದೆ. ಕಳೆದು ನೋಡಿದಾಗ ಅವೆರಡರ ನಡುವೆ 8.2 ಕೋಟಿ ವರ್ಷ. ಟಿ. ರೆಕ್ಸ್‌ಗೆ ಸ್ಟೆಗೋಸಾರಸ್‌ಗಿಂತ ನಾವೇ ಹತ್ತಿರ! ಅದನ್ನು ಕೇಳಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಆಗ ಬೋಟಿನವರು ಕೇಳಿದರು, "ನಮ್ಮ ತೋನ್ಸೆಪಾರಿನ ಕಲ್ಲು ಎಷ್ಟು ಹಳತು ಟೀಚರ್?" ಸೇಂಟ್ ಮೇರೀಸ್ ದ್ವೀಪವನ್ನು ಇಲ್ಲಿ ಹಾಗೂ ಕರೆಯುತ್ತಾರೆ. ಮಲ್ಪೆಯಲ್ಲಿ ಹುಟ್ಟಿದ ಮಕ್ಕಳು ಆ ಕಂಬಗಲ್ಲುಗಳ ಮೇಲೆ ಹತ್ತಿ ಇಳಿದೇ ಬೆಳೆಯುವುದು. ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದ ಲಾವಾ ತಣ್ಣಗಾಗಿ ಬಿರುಕು ಬಿಟ್ಟು ಆದ ಕಂಬಗಳು ಅವು, ಸುಮಾರು 8.8 ಕೋಟಿ ವರ್ಷ ಹಳೆಯವು. ಹುಡುಗಿ ಹಾಳೆಯ ಮೂಲೆಯಲ್ಲಿ ಕಳೆದಳು. 8.8ರಿಂದ 6.6 ಹೋದರೆ 2.2. ಡೈನೋಸಾರ್ ಕಾಲ ಮುಗಿಯುವುದಕ್ಕೆ 2.2 ಕೋಟಿ ವರ್ಷ ಮೊದಲೇ ಆ ಕಲ್ಲು ಅಲ್ಲಿತ್ತು. "ಹಾಗಾದ್ರೆ ನಾವು ಕೂತುಕೊಳ್ಳುವ ಕಲ್ಲು ಡೈನೋಸಾರ್ ಇದ್ದಾಗಲೇ ಉಂಟಾ?" ಎಂದಳು. ಈ ಪ್ರಶ್ನೆ 22 ಪುಟದಲ್ಲಿ ಎಲ್ಲೂ ಇಲ್ಲ, ಆದರೆ ಅದಕ್ಕೆ ದಾರಿ ಮಾಡಿದ್ದು ಆ ಪುಟಗಳೇ.

ಖರ್ಚಿನ ವಿಷಯ ಬೇಗ ಹೇಳಿಬಿಡುತ್ತೇನೆ. ಬಣ್ಣದ ಪ್ರಿಂಟ್ ಬೇಡ, ಕಪ್ಪುಬಿಳುಪೇ ಸಾಕು. ಬಣ್ಣ ಮಕ್ಕಳೇ ಹಚ್ಚುತ್ತಾರೆ. ಪಟ್ಟಿಯ ಪುಟವನ್ನು ಮಾತ್ರ ಒಬ್ಬೊಬ್ಬರಿಗೆ ಒಂದೊಂದು ತೆಗೆಸಿ, ಹಂಚಿಕೊಳ್ಳಲು ಹೇಳಿದರೆ ಜಗಳ ಆಗುತ್ತದೆ. ಗುಣಾಕಾರ, ಭಾಗಾಕಾರ ಬರುವ ನಾಲ್ಕನೇ, ಐದನೇ ಕ್ಲಾಸಿನವರಿಗೆ ಇದು ಸರಿ. ಮೂರನೆಯವರಿಗೆ ಭಿನ್ನರಾಶಿಯ ಸುಳಿವು ಕಷ್ಟ, ಜೊತೆಗೆ ದೊಡ್ಡವರೊಬ್ಬರು ಕೂರಬೇಕು. ಒಬ್ಬನೇ ಮಗುವಿಗೆ ಕೊಡಬೇಡಿ, ಇಬ್ಬರಾದರೂ ಇರಲಿ. 'ಕೊಂಬಾಲ್ಲ' ಎಂದಾಗ ತಿರುಗಿ ನೋಡಲು ಇನ್ನೊಬ್ಬರು ಬೇಕು. ನಮಗೆ ಊಟದ ಹೊತ್ತು ಬಿಟ್ಟು ಮೂರು ಗಂಟೆ ಹಿಡಿಯಿತು. ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದನ್ನು ಕಳೆದದ್ದು 11:05ಕ್ಕೆ.

ಇದೇ ಮಾರಾಟಗಾರರಿಂದ ಸಮುದ್ರದ ಪ್ರಾಣಿಗಳ ಸೆಟ್ಟನ್ನೂ ಕೊಂಡಿದ್ದೇನೆ. ಅದರಲ್ಲಿ ಬಂಗುಡೆ, ಬೂತಾಯಿ ಸೇರಿಸಬೇಕೆಂದು ಮಕ್ಕಳು ಈಗಾಗಲೇ ಹೇಳಿಟ್ಟಿದ್ದಾರೆ. ಮೀನಿನ ತೂಕದ ಲೆಕ್ಕಗಳನ್ನು ಬೋಟಿನವರೇ ಹೇಳಿಕೊಡುತ್ತೇನೆ ಎಂದಿದ್ದಾರೆ, ಅವರು ಕಡಲಿಗೆ ಇಳಿಯುವ ಮೊದಲು ಕೂತು ಬರೆದುಕೊಳ್ಳಬೇಕು.