ಕ್ಲೇ ಬಾರ್ ಹೆಸರಿನಲ್ಲಿ ಕಾರಿನ ಬಣ್ಣ ಗೀಚಿಹೋಗದಿರಲಿ

ಮನೆಗೇ ಬಂದು ಕಾರಿಗೆ ಕ್ಲೇ ಬಾರ್, ಅಂದರೆ ಬಣ್ಣಕ್ಕೆ ಕಚ್ಚಿಕೊಂಡ ಕೊಳೆಯನ್ನು ಎತ್ತಿ ತೆಗೆಯುವ ಜೇಡಿಯಂಥ ಮೆತ್ತನೆಯ ತುಂಡನ್ನು ಉಜ್ಜುವ ಕೆಲಸ, ಮಾಡಿಕೊಡುತ್ತೇವೆ ಎಂಬ ಜಾಹೀರಾತುಗಳು ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಆಗಾಗ ಬರುತ್ತಿರುತ್ತವೆ. ಅಂಥ ಒಂದು ಸೇವೆಯವರ ಕೆಲಸದಿಂದ ನಮ್ಮ ಕಪ್ಪು ಕಾರಿನ ಬಾನೆಟ್ಟು, ಛಾವಣಿ ಮತ್ತು ಎಡಬದಿಯ ಬಾಗಿಲುಗಳ ಬಣ್ಣ ಹಾಳಾಗಿದೆ. ಪುಣೆ, ಪಿಂಪ್ರಿ-ಚಿಂಚವಡದಲ್ಲಿರುವ ನಮ್ಮ ಕನ್ನಡದ ಮನೆಗಳವರಿಗೆ, ಅದರಲ್ಲೂ ತಾವು ಆಫೀಸಿಗೆ ಹೋಗಿ ಮನೆಯ ಹಿರಿಯರನ್ನು ಮುಂದೆ ನಿಲ್ಲಿಸಿ ಇಂಥ ಕೆಲಸ ಮಾಡಿಸುವವರಿಗೆ, ಏನಾಯಿತು ಮತ್ತು ಏಕಾಯಿತು ಎಂಬುದು ತಿಳಿದಿರಲೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಚಿಂಚವಡದಲ್ಲಿದೆ. ಪುಣೆ–ಲೋಣಾವಳಾ ರೈಲು ಹಳಿ ಅಲ್ಲಿಂದ ಹೆಚ್ಚು ದೂರವಿಲ್ಲ. ರೈಲು ಬ್ರೇಕ್ ಹಾಕಿದಾಗ ಸವೆದು ಏಳುವ ಕಬ್ಬಿಣದ ಹುಡಿ ಗಾಳಿಯಲ್ಲಿ ಬಂದು ಬಯಲಲ್ಲಿ ನಿಂತ ಕಾರುಗಳ ಮೇಲೆ ಕೂರುತ್ತದೆ, ತೇವ ತಗುಲಿದಾಗ ಅಲ್ಲೇ ತುಕ್ಕು ಹಿಡಿದು ಬಣ್ಣಕ್ಕೆ ಕಚ್ಚಿಕೊಳ್ಳುತ್ತದೆ. ಇದರ ಜೊತೆಗೆ ಮರದ ಅಂಟು, ಡಾಂಬರಿನ ಹನಿ, ಪಕ್ಕದ ಕಟ್ಟಡಕ್ಕೆ ಬಣ್ಣ ಹೊಡೆಯುವಾಗ ಹಾರಿಬಂದ ತುಂತುರು. ಶಾಂಪೂ ಹಾಕಿ ಎಷ್ಟು ತೊಳೆದರೂ ಇವು ಹೋಗುವುದಿಲ್ಲ. ಕೈಗೆ ತೆಳ್ಳನೆಯ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ತೊಳೆದ ಬಾನೆಟ್ಟಿನ ಮೇಲೆ ಮೆಲ್ಲನೆ ಬೆರಳಾಡಿಸಿದರೆ ತರಿತರಿಯಾಗಿ ತಾಗುವುದು ಇವೇ. ಹೀಗೆ ಕಚ್ಚಿಕೊಂಡದ್ದನ್ನು ಎತ್ತಿ ತೆಗೆಯಲೆಂದೇ ಕ್ಲೇ ಬಾರ್ ಇರುವುದು. ಆ ವಸ್ತುವಿನ ಮೇಲೆ ನನ್ನ ದೂರಿಲ್ಲ. ಆದರೆ ಅದು ಮೆತ್ತಗಿನ ಕೃತಕ ಪದಾರ್ಥದೊಳಗೆ ಉಜ್ಜುವ ಸೂಕ್ಷ್ಮ ಕಣಗಳನ್ನು ಬೆರೆಸಿ ಮಾಡಿದ ವಸ್ತು ಎಂಬುದನ್ನು ಆ ಜಾಹೀರಾತು ಎಲ್ಲಿಯೂ ಹೇಳಿರಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಇಬ್ಬರು ಹುಡುಗರು ಬಂದರು. ನಾನು ಆಫೀಸಿನಲ್ಲಿದ್ದೆ, ಧಾರವಾಡದಿಂದ ಬಂದಿದ್ದ ನಮ್ಮ ತಂದೆಯವರು ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರು ಕಂಡದ್ದನ್ನು ಕಂಡ ಹಾಗೆಯೇ ಹೇಳಿದ್ದಾರೆ. ಕಾರು ಬಿಸಿಲಿನಲ್ಲಿ ನಿಂತು ಕಾದಿತ್ತು. ಹುಡುಗರು ಟ್ಯಾಂಕರ್ ನೀರಿನ ಒಂದೇ ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಮೇಲೆ ಮೇಲೆ ಒರೆಸಿದರು, ಧೂಳು ಪೂರ್ತಿ ಹೋಗುವ ಮೊದಲೇ ನೀಲಿ ಕ್ಲೇ ತೆಗೆದು ಒಣ ಬಾನೆಟ್ಟಿನ ಮೇಲೆ ವೃತ್ತಾಕಾರವಾಗಿ ಒತ್ತಿ ಉಜ್ಜತೊಡಗಿದರು. ತಂದೆಯವರು ತಮಗೆ ಬಂದ ಹಿಂದಿಯಲ್ಲಿ, ನೀರನ್ನಾದರೂ ಹಾಕಿರಪ್ಪಾ ಎಂದಿದ್ದಾರೆ. ‘ನೀರು ಹಾಕಿದರೆ ಕ್ಲೇ ಕೊಳೆ ಹಿಡಿಯುವುದಿಲ್ಲ, ಕಾಕಾ’ ಎಂಬ ಉತ್ತರ ಬಂತು. ಅಷ್ಟರಲ್ಲಿ ಕ್ಲೇ ಕೈಜಾರಿ ನೆಲಕ್ಕೆ ಬಿತ್ತು. ಹುಡುಗ ಅದನ್ನೆತ್ತಿ ಪ್ಯಾಂಟಿಗೆ ಒರೆಸಿಕೊಂಡು ಛಾವಣಿಯ ಮೇಲೆ ಅದನ್ನೇ ಮುಂದುವರಿಸಿದ. ಅವರು ಎಸೆದುಹೋದ ತುಂಡು ಸಂಜೆ ನನಗೆ ಕಸದ ಡಬ್ಬಿಯ ಪಕ್ಕ ಸಿಕ್ಕಿತು. ಅದರ ನೀಲಿ ಹೋಗಿ ಬೂದು ಬಣ್ಣ ಬಂದಿತ್ತು, ಉಗುರಿನಿಂದ ಕೆರೆದರೆ ಕರಿಕಲ್ಲಿನ ಹರಳುಗಳು ಮೈತುಂಬ ಹುದುಗಿದ್ದವು. ಪುಣೆಯ ನೆಲವೆಲ್ಲ ಬಸಾಲ್ಟ್ ಕಲ್ಲಿನದು; ಕಟ್ಟಡದ ಕೆಲಸ ನಡೆಯುವಲ್ಲೆಲ್ಲ ಏಳುವ ಅದರ ಧೂಳು ಕಾರಿನ ಬಣ್ಣಕ್ಕಿಂತ ಬಹಳ ಗಟ್ಟಿ.

ಪಾರ್ಕಿಂಗಿನ ನೆರಳಿನಲ್ಲಿ ಏನೂ ಕಾಣಲಿಲ್ಲ. ಮರುದಿನ ಬೆಳಗಿನ ಓರೆಬಿಸಿಲಿನಲ್ಲಿ ಇಡೀ ಬಾನೆಟ್ಟಿನ ಮೇಲೆ ಸುತ್ತುಸುತ್ತಾದ ಸಣ್ಣ ಗೀರುಗಳು, ಅವುಗಳ ನಡುವೆ ಅಲ್ಲಲ್ಲಿ ಉಗುರಿಗೆ ತಾಗುವಷ್ಟು ಆಳದ ಗೆರೆಗಳು ಎದ್ದು ಕಂಡವು. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತಲೂ ತೆಳುವು. ಹೊಳಪು ಬರುವುದು ಅದರಿಂದ, ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಅದೇ. ಗೀರು ತೆಗೆಯುವುದೆಂದರೆ ಆ ಪದರವನ್ನು ಗೀರಿನ ಆಳದವರೆಗೂ ಸವೆಸುವುದೇ ಹೊರತು ಬೇರೇನಲ್ಲ. ಪರಿಚಯದ ಪೇಂಟ್ ಗ್ಯಾರೇಜಿನವರು ಮೀಟರ್ ಇಟ್ಟು ದಪ್ಪ ಅಳೆದು, ಕಾಂಪೌಂಡ್ ಎಂಬ ಉಜ್ಜುವ ಪೇಸ್ಟ್ ಹಾಕಿ ಪಾಲಿಶ್ ಮಾಡಿದರು. ಸುತ್ತುಗೀರುಗಳು ಬಹುಮಟ್ಟಿಗೆ ಹೋದವು. ಆಳದ ಗೆರೆಗಳನ್ನು ಅವರು ಹಾಗೆಯೇ ಬಿಟ್ಟರು, ಬಿಟ್ಟದ್ದು ಸರಿಯೂ ಹೌದು: ಮೀಟರ್ ಪೇಂಟಿನ ಒಟ್ಟು ದಪ್ಪವನ್ನು ತೋರಿಸುತ್ತದೆಯೇ ವಿನಾ ಮೇಲಿನ ಪದರ ಎಷ್ಟು ಉಳಿದಿದೆ ಎಂಬುದನ್ನಲ್ಲ, ಅದು ಸವೆದುಹೋದರೆ ಇಡೀ ಬಾನೆಟ್ಟಿಗೆ ಹೊಸದಾಗಿ ಬಣ್ಣ ಹೊಡೆಸುವುದೊಂದೇ ದಾರಿ.

ಇದೇ ಕೆಲಸವನ್ನು ಮನೆಯಲ್ಲಿ ಸರಿಯಾಗಿ ಮಾಡುವುದು ಕಷ್ಟವಲ್ಲ, ಅವಸರ ಮಾತ್ರ ಕೂಡದು. ಕಾರು ನೆರಳಿನಲ್ಲಿರಬೇಕು, ಮುಟ್ಟಿದರೆ ತಣ್ಣಗಿರಬೇಕು. ಮೊದಲು ಶಾಂಪೂ ನೀರಿಗೊಂದು, ಬಟ್ಟೆ ಜಾಲಿಸಲು ಇನ್ನೊಂದು ಬಕೆಟ್ ಇಟ್ಟುಕೊಂಡು ಚೆನ್ನಾಗಿ ತೊಳೆಯಬೇಕು. ನಮ್ಮಂತೆ ರೈಲು ಹಳಿಯ ಸಮೀಪ ಇರುವವರು ಕಬ್ಬಿಣದ ಹುಡಿಯನ್ನು ಕರಗಿಸುವ ಐರನ್ ರಿಮೂವರ್ ದ್ರವವನ್ನು ಕ್ಲೇಗಿಂತ ಮೊದಲು ಸಿಂಪಡಿಸುವುದು ಒಳ್ಳೆಯದು; ಅದಕ್ಕೆ ಕೊಳೆತ ಮೊಟ್ಟೆಯ ವಾಸನೆಯಿದೆ, ಕಬ್ಬಿಣ ಇದ್ದಲ್ಲೆಲ್ಲ ನೇರಳೆ ಬಣ್ಣವಾಗಿ ಇಳಿಯುತ್ತದೆ, ಒಣಗುವ ಮುನ್ನ ತೊಳೆದುಬಿಡಬೇಕು. ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ, ಕ್ಲೇ ಉಜ್ಜುವುದೂ ಅಷ್ಟು ಕಡಿಮೆಯಾಗುತ್ತದೆ. ಆಮೇಲೆ ಫೈನ್ ದರ್ಜೆಯ ಕ್ಲೇಯ ಸಣ್ಣ ತುಂಡು ತೆಗೆದುಕೊಂಡು, ಅದರ ಜೊತೆ ಬರುವ ಜಾರುದ್ರವವನ್ನು ಧಾರಾಳವಾಗಿ ಸಿಂಪಡಿಸಿ, ಒಂದು ಚದರ ಅಡಿಯಷ್ಟು ಜಾಗದಲ್ಲಿ ಉದ್ದುದ್ದಕ್ಕೆ, ಬೆರಳಿನ ಭಾರವನ್ನೂ ಹಾಕದೆ ಆಡಿಸಬೇಕು. ಉಜ್ಜುವಾಗಿನ ಸದ್ದು ನಿಂತು ನುಣ್ಣಗೆ ಜಾರತೊಡಗಿದರೆ ಆ ಜಾಗ ಮುಗಿಯಿತು. ಪ್ರತಿ ಸಲವೂ ಕ್ಲೇಯನ್ನು ಮಡಚಿ ನಾದಿ ಹೊಸ ಮುಖ ಹೊರಳಿಸಬೇಕು. ನೆಲಕ್ಕೆ ಬಿದ್ದ ತುಂಡನ್ನು, ಅದು ಎಷ್ಟೇ ಹೊಸದಾಗಿರಲಿ, ಎಷ್ಟೇ ಬೆಲೆಯದಾಗಿರಲಿ, ಎಸೆಯಲೇಬೇಕು. ಕೊನೆಗೆ ವ್ಯಾಕ್ಸ್ ಹಚ್ಚದೆ ಬಿಡುವಂತಿಲ್ಲ, ಏಕೆಂದರೆ ಮೊದಲು ಇದ್ದ ವ್ಯಾಕ್ಸನ್ನೂ ಕ್ಲೇ ಎಳೆದುಕೊಂಡು ಹೋಗಿರುತ್ತದೆ. ನಮ್ಮಲ್ಲಿಗೆ ಬಂದವರು ಅದನ್ನೂ ಮಾಡಿರಲಿಲ್ಲ.

ಟ್ಯಾಂಕರ್ ಅಥವಾ ಬೋರ್‌ವೆಲ್ ನೀರಿನ ಬಿಳಿ ಕಲೆಗಳು ಬಣ್ಣದೊಳಗೆ ಇಳಿದಿದ್ದರೆ ಕ್ಲೇಯಿಂದ ಹೋಗುವುದಿಲ್ಲ. ಹೋಗುತ್ತವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಹೊಳಪಿಲ್ಲದ ಮ್ಯಾಟ್ ಬಣ್ಣದ ಕಾರಿಗಂತೂ ಕ್ಲೇ ಮುಟ್ಟಿಸಲೇಬೇಡಿ.

ನಾನು ಕರೆ ಮಾಡಿದಾಗ ಆ ಸೇವೆಯವರು, ಗೀರುಗಳು ಮೊದಲೇ ಇದ್ದವು, ಕ್ಲೇ ಹಾಕಿದ ಮೇಲೆ ಕಂಡಿವೆ ಅಷ್ಟೇ ಎಂದರು. ರಶೀದಿಯನ್ನೂ ಕೊಟ್ಟಿರಲಿಲ್ಲ. ಯುಪಿಐ ಪಾವತಿಯ ದಾಖಲೆ ಮತ್ತು ಹಿಂದಿನ ವಾರ ತೆಗೆದಿದ್ದ ಕಾರಿನ ಫೋಟೋ ನನ್ನ ಬಳಿ ಇದ್ದುದರಿಂದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥದ್ದನ್ನು ಸೇವಾ ನ್ಯೂನತೆಯೆಂದು ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಒಯ್ಯಲೂ ಅವಕಾಶವಿದೆ. ಯಾರನ್ನೇ ಕರೆಸಿದರೂ ಕೆಲಸ ಶುರುವಾಗುವ ಮೊದಲು ಕಾರಿನ ಪ್ರತಿಯೊಂದು ಭಾಗದ ಮೇಲೂ ಟಾರ್ಚಿನ ಬೆಳಕು ಬಿಟ್ಟು ಅವರೆದುರೇ ಫೋಟೋ ತೆಗೆಯಿರಿ, ಯಾವ ಜಾರುದ್ರವ ಬಳಸುತ್ತಾರೆಂದು ಬಾಟಲಿ ತೋರಿಸಲು ಹೇಳಿ, ಹಣ ಕೊಡುವ ಮುನ್ನ ಕಾರನ್ನು ಒಮ್ಮೆ ಬಿಸಿಲಿಗೆ ತಂದು ನೋಡಿ.