ಮೂರು ರಿಚರ್ಡ್‌ಗಳು, ಒಬ್ಬಳೇ ಮಾರ್ಗರೆಟ್

ಶೇಕ್ಸ್‌ಪಿಯರನ 'ಮೂರನೇ ರಿಚರ್ಡ್' ನಾಟಕ (ಕೊಲೆಗಳ ಮೇಲೆ ಕೊಲೆ ಮಾಡಿ ಇಂಗ್ಲೆಂಡಿನ ಪಟ್ಟ ಏರುವ ರಾಜನ ಕಥೆ) ಓದಿ ಮುಗಿಸಿದವನೇ ಅದರ ಮೂರು ಚಿತ್ರರೂಪಗಳನ್ನು ಒಂದೇ ವಾರದಲ್ಲಿ ನೋಡಿದೆ. 1955ರ ಲಾರೆನ್ಸ್ ಒಲಿವಿಯೆ, 1995ರ ಇಯಾನ್ ಮೆಕೆಲನ್, 2016ರಲ್ಲಿ ಬಿಬಿಸಿಗೆ ನಟಿಸಿದ ಬೆನೆಡಿಕ್ಟ್ ಕಂಬರ್‌ಬ್ಯಾಚ್.

ನಾನು ಮುಖ್ಯವಾಗಿ ಕಾದಿದ್ದು ಆ್ಯನ್ ದೃಶ್ಯಕ್ಕೆ. ಅವಳ ಗಂಡನನ್ನೂ ಮಾವನನ್ನೂ ಕೊಂದ ರಿಚರ್ಡನೇ ಹೆಣದ ಪಕ್ಕ ನಿಂತು ಅವಳನ್ನು ಮದುವೆಗೆ ಕೇಳುತ್ತಾನೆ. ಅವಳು ಮುಖಕ್ಕೆ ಉಗಿಯುತ್ತಾಳೆ. ಸ್ವಲ್ಪ ಹೊತ್ತಿಗೆಲ್ಲ ಅವನ ಉಂಗುರ ಅವಳ ಬೆರಳಲ್ಲಿರುತ್ತದೆ! ಓದುವಾಗ ನಂಬೋಕೇ ಆಗಲಿಲ್ಲ. ನಟನೇ ನಂಬಿಸಬೇಕು.

ಒಲಿವಿಯೆ ಇದನ್ನು ಎರಡು ತುಂಡು ಮಾಡಿದ್ದಾರೆ. ನಡುವೆ ಸಮಯ ಕಳೆದಿದ್ದರಿಂದ ಅವಳ ಮನಸ್ಸು ಕರಗಿದ್ದನ್ನು ಒಪ್ಪಬಹುದು. ಆದರೆ ಆ ದೃಶ್ಯ ಎದೆ ನಡುಗಿಸುವುದೇ ಅದರ ಅವಸರದಿಂದ ಅಲ್ವಾ? ಮೆಕೆಲನ್‌ದು ಶವಾಗಾರ. ಎದುರಿಗೆ ಗಂಡನ ಹೆಣ. ರಿಚರ್ಡನ ಒಂದು ಕೈಗೆ ಸ್ವಾಧೀನವಿಲ್ಲ, ಹಾಗಾಗಿ ಬೆರಳಿನ ಉಂಗುರವನ್ನು ಬಾಯಿಂದಲೇ ಕಚ್ಚಿ ಎಳೆದು ಅವಳಿಗೆ ತೊಡಿಸುತ್ತಾನೆ. ನನಗೆ ಮೈ ಜುಮ್ಮೆಂದಿತು. ಬಾಯಿ ಬೆಲ್ಲ, ಕರುಳು ಕತ್ತರಿ ಅಂತಾರಲ್ಲ, ಅದನ್ನು ಕಣ್ಣಾರೆ ಕಂಡ ಹಾಗಿತ್ತು. ಈ ದೃಶ್ಯದಲ್ಲಿ ಮೆಕೆಲನ್‌ಗೆ ಸಾಟಿಯಿಲ್ಲ.

ಮಾತಿನ ವಿಷಯಕ್ಕೆ ಬಂದರೆ ಒಲಿವಿಯೆ. ಕ್ಯಾಮೆರಾ ಹತ್ತಿರ ಬಂದು ನಮ್ಮ ಕಣ್ಣಲ್ಲಿ ಕಣ್ಣಿಟ್ಟು ತನ್ನ ಸಂಚು ಹೇಳುತ್ತಾರೆ. ಕೇಳುತ್ತಾ ಕೂತ ನಾವೂ ಪಾಲುದಾರರಾಗಿಬಿಡುತ್ತೇವೆ. ಮೆಕೆಲನ್ ಕಥೆಯನ್ನು 1930ರ ದಶಕದ ಫ್ಯಾಸಿಸ್ಟ್ ಇಂಗ್ಲೆಂಡಿಗೆ ಒಯ್ದಿದ್ದಾರೆ. ನಾಟಕದ ಮೊದಲ ಮಾತು ಇಲ್ಲಿ ಔತಣಕೂಟದ ಮೈಕಿನಲ್ಲಿ ಶುರುವಾಗಿ ಶೌಚಾಲಯದಲ್ಲಿ ಮುಂದುವರಿಯುತ್ತದೆ. ಕೊನೆಗೆ ಯುದ್ಧದಲ್ಲಿ ಜೀಪಿನ ಚಕ್ರ ಹೂತುಹೋದಾಗಲೇ ರಿಚರ್ಡ್ 'ಒಂದು ಕುದುರೆಗೆ ನನ್ನ ರಾಜ್ಯವನ್ನೇ ಕೊಡುತ್ತೇನೆ' ಎಂಬ ನಾಟಕದ ಪ್ರಸಿದ್ಧ ಮಾತನ್ನು ಕೂಗುವುದು. ಷೇಕ್ಸ್‌ಪಿಯರ್ ಅಂದ್ರೆ ದೂರ ಓಡುವವರಿಗೂ ಇದನ್ನು ಧೈರ್ಯವಾಗಿ ತೋರಿಸಬಹುದು. ಎರಡು ಗಂಟೆಯೂ ಇಲ್ಲ.

ಕಂಬರ್‌ಬ್ಯಾಚ್ ಬರಿಮೈಯಲ್ಲಿ, ಬಾಗಿದ ಬೆನ್ನು ತೋರಿಸುತ್ತಾ ಕಾಣಿಸಿಕೊಳ್ಳುತ್ತಾರೆ. 2012ರಲ್ಲಿ ಲೆಸ್ಟರಿನ ಕಾರ್ ಪಾರ್ಕಿಂಗ್ ಕೆಳಗೆ ಸಿಕ್ಕಿದ ನಿಜವಾದ ರಿಚರ್ಡ್ ರಾಜನ ಅಸ್ಥಿಪಂಜರದಲ್ಲೂ ಬೆನ್ನುಮೂಳೆ ಬಾಗಿತ್ತು. ನಟನೆಯಲ್ಲಿ ಉಳಿದಿಬ್ಬರಿಗಿಂತ ಇವರು ಒಂದು ಕೈ ಕಡಿಮೆ ಅನ್ನಿಸಿತು.

ಆದರೂ ನಾನು ಮತ್ತೆ ನೋಡಿದ್ದು ಇದನ್ನೇ. ಕಾರಣ ಮಾರ್ಗರೆಟ್.

ಆರನೇ ಹೆನ್ರಿಯ ವಿಧವೆ ಅವಳು. ಗಂಡ, ಮಗ, ಕಿರೀಟ ಎಲ್ಲ ಕಳೆದುಕೊಂಡವಳು. ಅರಮನೆಗೆ ನುಗ್ಗಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಶಪಿಸುತ್ತಾಳೆ. ಇತಿಹಾಸದಲ್ಲಿ ಅವಳು 1482ರಲ್ಲೇ ಫ್ರಾನ್ಸಿನಲ್ಲಿ ತೀರಿಕೊಂಡಿದ್ದಳು. ರಿಚರ್ಡ್ ಪಟ್ಟಕ್ಕೆ ಬಂದಿದ್ದು 1483ರಲ್ಲಿ. ಸತ್ತವಳನ್ನು ನಾಟಕಕಾರ ಬೇಕೆಂದೇ ಕರೆತಂದಿದ್ದಾನೆ. ಅಂಥವಳನ್ನು ಮೊದಲ ಎರಡೂ ಚಿತ್ರಗಳು ಪೂರ್ತಿ ಕಿತ್ತುಹಾಕಿವೆ. ನನಗೆ ಇದು ನಿಜಕ್ಕೂ ಬೇಜಾರು. 2016ರದ್ದರಲ್ಲಿ ಸೋಫಿ ಒಕೊನೆಡೊ ಆ ಪಾತ್ರ. ಅವರು ಬಂದು ನಿಂತರೆ ರಿಚರ್ಡನ ಜಾಣತನವೂ ಸಣ್ಣದಾಗಿ ಕಾಣುತ್ತದೆ.

ನಾಟಕದಲ್ಲಿ ರಿಚರ್ಡನ ಬಲಗೈಯಾಗಿದ್ದ ಬಕಿಂಗ್‌ಹ್ಯಾಮ್‌ನನ್ನು ತಲೆ ಕಡಿಯಲು ಕರೆದೊಯ್ಯುವಾಗ ಅವನಿಗೆ ನೆನಪಾಗುವುದು ಮಾರ್ಗರೆಟ್ ಹೇಳಿದ ಮಾತು. ಅವಳೇ ಇಲ್ಲದ ಚಿತ್ರದಲ್ಲಿ ಅವನು ಸುಮ್ನೆ ಸಾಯುತ್ತಾನೆ.